ದೊಡ್ಡ ಎಂಜಿನ್, ಹಳೆಯ ಬ್ರೇಕು

(ಬೆಂಗಳೂರಿನ ಚಂದ್ರಾ ಲೇಔಟ್‌ನಲ್ಲಿ ನೆಲೆಸಿರುವ ಮಲೆನಾಡಿನ ವಿದ್ಯಾರ್ಥಿಗಳು ಹಾಗೂ ಉದ್ಯೋಗಿಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ. ಊರಿನಲ್ಲಿ ಜೀಪು, ಪಿಕಪ್ ಇರಿಸಿಕೊಂಡಿರುವ ನಮ್ಮ ಓದುಗರಿಗೂ ಉಪಯುಕ್ತವಾದೀತೆಂದು ಇಲ್ಲಿ ಪ್ರಕಟಿಸಲಾಗಿದೆ.)



ಕೃಷಿ ವಿಜ್ಞಾನಿಯಾದವನು ಅಡಕೆಯ ಕೊಳೆರೋಗದ ಬಗೆಗೋ ಕಾಳುಮೆಣಸಿನ ಸೊರಗುರೋಗದ ಬಗೆಗೋ ಮಾತನಾಡುವನೆಂದು ತಾವು ನಿರೀಕ್ಷಿಸಿರುವುದು ಸಹಜ. ಆದರೆ ಈ ದಿನ ನಾನು ಆರಿಸಿಕೊಂಡಿರುವ ವಿಷಯ ಒಂದು ಹಳೆಯ ಕಾರು ಮತ್ತು ಅದರಲ್ಲಿ ಕೂರಿಸಬೇಕೆಂದಿದ್ದ ಒಂದು ದೊಡ್ಡ ಎಂಜಿನ್. ಕಾರು ಇಲ್ಲಿಂದ ನಾಲ್ಕು ರಸ್ತೆಯಾಚೆ, ಇದೇ ಚಂದ್ರಾ ಲೇಔಟ್‌ನ ಒಂದು ಮನೆಯ ತಗಡಿನ ಶೆಡ್ಡಿನಲ್ಲಿದೆ. ಮನೆ ನನ್ನ ಅಣ್ಣನದು. ಅಣ್ಣ ಈಗಿಲ್ಲ. ಅವನ ಮಗ ಇಲ್ಲಿಯೇ ಎಂಜಿನಿಯರಿಂಗ್ ಓದುತ್ತಿದ್ದಾನೆ. ಈ ಸಭೆಯಲ್ಲಿಯೂ ಕುಳಿತಿದ್ದಾನೆ. ಅವನ ಒಪ್ಪಿಗೆ ಪಡೆದೇ ಮಾತನಾಡುತ್ತಿದ್ದೇನೆ.

ಕಾರಿನ ಹೆಸರು ಡಾಲ್ಫಿನ್. ಇಲ್ಲಿರುವ ತರುಣರಲ್ಲಿ ಹೆಚ್ಚಿನವರು ಅದನ್ನು ಕಂಡಿರಲಾರರು. ಬೆಂಗಳೂರಿನಲ್ಲಿಯೇ ಕಾರು ತಯಾರಿಸುತ್ತಿದ್ದ ಸಿಪಾನಿ ಸಂಸ್ಥೆ ಅದನ್ನು 1982ರಲ್ಲಿ ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಸಂಸ್ಥೆಯ ‘ಕಿಟನ್’ ಎಂಬ ಪುಟ್ಟ ಕಾರು ಅದರ ಮೂಲ. ಮೈ ಫೈಬರ್‌ಗ್ಲಾಸಿನದು. ಎಂಜಿನ್ 848 ಸಿಸಿ, ಅಲ್ಯೂಮಿನಿಯಂ ಎರಕದ್ದು, ಸುಮಾರು 40 ಅಶ್ವಶಕ್ತಿಯದು. ಹಿಂದಿನ ಚಕ್ರಗಳಿಗೆ ಚಾಲನೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಇಂಥ ಕಾರುಗಳಿಗೆ ಗಿರಾಕಿಗಳು ಕಡಿಮೆಯಾದರು. ಆದರೂ ಹಗುರವಾದ ಮೈ ಮತ್ತು ಹಿಂಚಕ್ರದ ಚಾಲನೆಯ ಕಾರಣದಿಂದ ಮೋಟಾರು ರ‍್ಯಾಲಿಯವರಿಗೆ ಅದು ಪ್ರಿಯವಾಗಿತ್ತು. ಹುಟ್ಟಿನಿಂದ ಕ್ರೀಡಾ ಕಾರಲ್ಲದಿದ್ದರೂ ನಮ್ಮ ನಾಡಿನ ಮಟ್ಟಿಗೆ ಆ ಸ್ಥಾನವನ್ನು ಗಳಿಸಿಕೊಂಡ ಕಾರು ಅದು.

ಅಣ್ಣ ಅದನ್ನು 1985ರಲ್ಲಿ ಕೊಂಡ. ವರ್ಷಕ್ಕೊಮ್ಮೆ ಶಿರಸಿಯ ಸಮೀಪದ ನಮ್ಮ ಮನೆಗೆ ಬಂದು, ಅಲ್ಲಿಂದ ದೇವಿಮನೆ ಘಾಟಿಯಿಳಿದು ಕುಮಟೆಯ ಸಮುದ್ರ ನೋಡಿ ಬರುತ್ತಿದ್ದ. ಅವನು ತೀರಿಕೊಂಡ ಮೇಲೆ ಕಾರು ಶೆಡ್ಡಿನಲ್ಲಿ ಧೂಳು ಹಿಡಿಯಿತು. ಮಗ ಅದನ್ನು ಮತ್ತೆ ಓಡಿಸಬೇಕೆಂದು ಹೊರಟ. ಎಂಜಿನ್ ಶುರುವಾಯಿತು, ಆದರೆ ನಾಯಂಡಹಳ್ಳಿಯ ಮೇಲ್ಸೇತುವೆಯನ್ನು ಏರುವಷ್ಟರಲ್ಲಿ ಏದುಸಿರು ಬಿಟ್ಟಿತು. ಆ ರಾತ್ರಿ ಅವನು ನನಗೆ ಫೋನ್ ಮಾಡಿ, “ಚಿಕ್ಕಪ್ಪ, ಇದರ ಎಂಜಿನ್ ಬಹಳ ಸಣ್ಣದು. ಜಿಪ್ಸಿಯ 1,298 ಸಿಸಿ ಎಂಜಿನ್ ಒಂದು ಸಿಗುತ್ತದೆ. ಕೂರಿಸಿಬಿಡೋಣವೇ? ಅಪ್ಪನ ಕಾರು ಮತ್ತೆ ಘಾಟಿ ಹತ್ತುತ್ತದೆ” ಎಂದು ಕೇಳಿದ.

ಅಪ್ಪನ ಕಾರು ಎಂದಾಗ ನನಗೂ ಬೇಡವೆನ್ನಲು ಬಾಯಿ ಬರಲಿಲ್ಲ. ಹತ್ತು ದಿನ ಕಾಲಾವಕಾಶ ಕೇಳಿದೆ. ಆ ಹತ್ತು ದಿನಗಳಲ್ಲಿ ನಾವಿಬ್ಬರೂ ಯೋಚಿಸಿದ್ದು, ಅಳೆದದ್ದು, ಓದಿದ್ದು ಏನೆಂಬುದನ್ನು ತಮ್ಮ ಮುಂದೆ ಇಡುತ್ತೇನೆ.

ಅವನ ಆಸೆ ಅಸಂಬದ್ಧವಲ್ಲ

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸಣ್ಣ ಕಾರಿಗೆ ದೊಡ್ಡ ಎಂಜಿನ್ ಹಾಕುವುದು ಹುಚ್ಚರ ಕೆಲಸವೇನಲ್ಲ. ಪ್ರಪಂಚದ ಅತ್ಯಂತ ಹೆಸರಾಂತ ಕ್ರೀಡಾ ಕಾರುಗಳಲ್ಲಿ ಕೆಲವು ಹುಟ್ಟಿದ್ದೇ ಹಾಗೆ. 1962ರಲ್ಲಿ ಅಮೆರಿಕದ ಕ್ಯಾರಲ್ ಶೆಲ್ಬಿ ಎಂಬಾತ ಇಂಗ್ಲೆಂಡಿನ ಎ.ಸಿ. ಏಸ್ ಕಾರಿಗೆ ಫೋರ್ಡ್ ಸಂಸ್ಥೆಯ ಎಂಟು ಸಿಲಿಂಡರುಗಳ ವಿ8 ಎಂಜಿನ್ ಕೂರಿಸಿದ. ಅದೇ ‘ಕೋಬ್ರಾ’. ಆದರೆ ಅದರ ಮುಂದಿನ ಕಥೆಯನ್ನು ಗಮನಿಸಬೇಕು. ಹೆಚ್ಚಿದ ಬಲವನ್ನು ತಡೆಯಲು ಹಿಂಬದಿಯ ಡಿಫರೆನ್ಷಿಯಲ್ಲನ್ನು ಮೊದಲೇ ಬಲಪಡಿಸಬೇಕಾಯಿತು. ಮುಂದೆ 1965ರಲ್ಲಿ 7 ಲೀಟರಿನ ಎಂಜಿನ್ ಹಾಕಲು ಹೊರಟಾಗ ಹಳೆಯ ಚಾಸಿಯೇ ಸಾಲದಾಗಿ, ಹೆಚ್ಚು ದಪ್ಪದ ಕೊಳವೆಗಳ ಚಾಸಿ ಮತ್ತು ಸುರುಳಿ ಸ್ಪ್ರಿಂಗುಗಳನ್ನು ಹೊಸದಾಗಿ ರೂಪಿಸಿದರು. ಹೆಸರು ಹಳೆಯದೇ ಉಳಿಯಿತು. ಕಾರಿನ ಅಡಿಪಾಯವೇ ಬೇರೆಯಾಯಿತು.

ಇನ್ನೂ ಬೋಧಪ್ರದವಾದುದು ಎಂ.ಜಿ. ಸಂಸ್ಥೆಯ ಅನುಭವ. 1962ರಿಂದ ತಯಾರಾಗುತ್ತಿದ್ದ ಅವರ ಎಂ.ಜಿ.ಬಿ. ಕಾರಿಗೆ 1,798 ಸಿಸಿಯ ನಾಲ್ಕು ಸಿಲಿಂಡರುಗಳ ಎಂಜಿನ್ ಇತ್ತು. ಒಂದೇ ಮೈಗೆ ಅವರು ಎರಡು ಬಾರಿ ದೊಡ್ಡ ಎಂಜಿನ್ ಹಾಕಿದರು. 1967ರಲ್ಲಿ 2.9 ಲೀಟರಿನ ಆರು ಸಿಲಿಂಡರುಗಳ ಎಂಜಿನ್ ಹಾಕಿ ‘ಎಂ.ಜಿ.ಸಿ.’ ಎಂದು ಕರೆದರು. ಆ ಎಂಜಿನ್ ಹಳೆಯದಕ್ಕಿಂತ 90 ಕೆ.ಜಿ.ಗೂ ಹೆಚ್ಚು ಭಾರ. ಮೂತಿ ಭಾರವಾದ ಕಾರು ತಿರುವಿನಲ್ಲಿ ತಿರುಗಲೊಲ್ಲದೆಂಬ ಟೀಕೆಗೆ ಗುರಿಯಾಗಿ, 1969ರಲ್ಲಿ ತಯಾರಿಕೆ ನಿಂತಿತು. 1973ರಲ್ಲಿ ಅದೇ ಮೈಗೆ ರೋವರ್ ಸಂಸ್ಥೆಯ 3.5 ಲೀಟರಿನ ವಿ8 ಎಂಜಿನ್ ಹಾಕಿದರು. ಇದು ಇನ್ನೂ ದೊಡ್ಡ ಎಂಜಿನ್. ಆದರೆ ಅಲ್ಯೂಮಿನಿಯಂನದಾದ್ದರಿಂದ ಮೊದಲಿನ ಬೀಡುಕಬ್ಬಿಣದ ನಾಲ್ಕು ಸಿಲಿಂಡರುಗಳ ಎಂಜಿನ್ನಿಗಿಂತಲೂ ತುಸು ಹಗುರವಾಗಿತ್ತು. ಆ ಕಾರು ತಿರುವುಗಳಲ್ಲಿ ತನ್ನ ಹದವನ್ನು ಕಳೆದುಕೊಳ್ಳಲಿಲ್ಲ.

ಆದುದರಿಂದ ಎಂಜಿನ್ ಎಷ್ಟು ದೊಡ್ಡದು ಎಂಬುದಷ್ಟೇ ಪ್ರಶ್ನೆಯಲ್ಲ. ಅದರ ಭಾರವನ್ನು, ಬಲವನ್ನು, ಶಾಖವನ್ನು ಉಳಿದ ಅಂಗಗಳು ಹೊರಬಲ್ಲವೇ ಎಂಬುದು ಪ್ರಶ್ನೆ.

ಕನಿಷ್ಠಾಂಶದ ನಿಯಮ

ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಹಳೆಯ ಹೆಸರೊಂದಿದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಸಾಯನ ವಿಜ್ಞಾನಿ ಲೀಬಿಗ್ ಪ್ರಚುರಪಡಿಸಿದ ‘ಕನಿಷ್ಠಾಂಶದ ನಿಯಮ’. ಗಿಡದ ಬೆಳವಣಿಗೆ ಹೇರಳವಾಗಿರುವ ಪೋಷಕಾಂಶವನ್ನು ಅವಲಂಬಿಸಿರುವುದಿಲ್ಲ; ಎಲ್ಲಕ್ಕಿಂತ ಕೊರತೆಯಾಗಿರುವ ಪೋಷಕಾಂಶವನ್ನು ಅವಲಂಬಿಸಿರುತ್ತದೆ. ಎತ್ತರದ ಹಳೆಯ ಗೋಧಿ ತಳಿಗಳಿಗೆ ಸಾರಜನಕ ಗೊಬ್ಬರವನ್ನು ಹೆಚ್ಚಾಗಿ ಹಾಕಿದಾಗ ತೆನೆ ತುಂಬಿತು, ಕಾಂಡ ತಡೆಯಲಿಲ್ಲ, ಪೈರು ನೆಲಕ್ಕೆ ಮಲಗಿತು. ನಾರ್ಮನ್ ಬೋರ್ಲಾಗ್ ಮತ್ತು ಸಂಗಡಿಗರು ಗಿಡ್ಡ ಕಾಂಡದ ತಳಿಗಳನ್ನು ರೂಪಿಸಿದ ಬಳಿಕವೇ ಆ ಗೊಬ್ಬರ ಧಾನ್ಯವಾಗಿ ಕೈಗೆ ಬಂದದ್ದು. ಗೊಬ್ಬರವನ್ನು ಎಂಜಿನ್ ಎಂದುಕೊಂಡರೆ ಕಾಂಡವೇ ಚಾಸಿ.

ಈ ನಿಯಮವನ್ನು ಹಿಡಿದುಕೊಂಡು ನಾನೂ ಹುಡುಗನೂ ಡಾಲ್ಫಿನ್ನಿನ ಅಂಗಾಂಗಗಳನ್ನು ಪಟ್ಟಿ ಮಾಡಿದೆವು. ಜಿಪ್ಸಿಯಲ್ಲಿಯೂ ಎಂಜಿನ್ ಉದ್ದುದ್ದ ಕೂತಿರುವುದರಿಂದ ದಿಕ್ಕಿನ ತೊಂದರೆಯಿಲ್ಲ. ಆದರೆ ಅದರ ಪೆಟ್ರೋಲ್ ಇಂಜೆಕ್ಷನ್ ಮಾದರಿ ಸುಮಾರು 80 ಅಶ್ವಶಕ್ತಿಯದು. ಅಂದರೆ ಶಕ್ತಿ ದುಪ್ಪಟ್ಟು. ಕ್ಲಚ್ಚು, ಗೇರ್‌ಬಾಕ್ಸು ಹೊಸ ಎಂಜಿನ್ನಿನ ಜೊತೆಗೇ ಬರುತ್ತವೆ ಎನ್ನೋಣ. ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ, ಬೆಸೆದು, ಸಮತೋಲನ ಮಾಡಿಸಬೇಕು. ಹಿಂದಿನ ಆಕ್ಸಲ್ಲು 40 ಅಶ್ವಶಕ್ತಿಗೆಂದು ಮಾಡಿದ್ದು. ಅದರ ಹಲ್ಲುಚಕ್ರಗಳು ಎಷ್ಟು ದಿನ ಬಾಳುತ್ತವೆ? ಹೆಚ್ಚು ಇಂಧನ ಉರಿದರೆ ಹೆಚ್ಚು ಶಾಖ, ರೇಡಿಯೇಟರ್ ಬದಲಾಗಬೇಕು. ಎಂಜಿನ್ ಮೌಂಟುಗಳನ್ನು ಹೊಸದಾಗಿ ಬೆಸೆಯಬೇಕು. ಮುಂದಿನ ಸ್ಪ್ರಿಂಗುಗಳು ಬದಲಾಗಬೇಕು. ಪಟ್ಟಿಯ ಕೊನೆಗೆ ಬಂದದ್ದು ಬ್ರೇಕು. ನಾಲ್ಕೂ ಚಕ್ರಗಳಿಗೆ ಪುಟ್ಟ ಡ್ರಮ್ ಬ್ರೇಕುಗಳು.

ಬ್ರೇಕು ಪಟ್ಟಿಯ ಕೊನೆಗೆ ಬರುವುದೇ ನಮ್ಮೆಲ್ಲರ ಅಭ್ಯಾಸ. ಆ ಅಭ್ಯಾಸದ ಬೆಲೆಯನ್ನು ನಮ್ಮ ಮನೆಯವರು ಒಮ್ಮೆ ತೆತ್ತಿದ್ದೇವೆ.

ದೇವಿಮನೆ ಘಾಟಿಯ ಒಂದು ಮಧ್ಯಾಹ್ನ

ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಮನೆಯಲ್ಲಿ ಹಳೆಯ ವಿಲ್ಲಿಸ್ ಮಾದರಿಯ ಪೆಟ್ರೋಲ್ ಜೀಪೊಂದಿತ್ತು. ಪೆಟ್ರೋಲಿನ ಖರ್ಚು ತಾಳಲಾರದೆ ಅಪ್ಪಯ್ಯ ಅದಕ್ಕೆ ದೊಡ್ಡ ಡೀಸೆಲ್ ಎಂಜಿನ್ ಹಾಕಿಸಿದರು. ಆ ಕಾಲದಲ್ಲಿ ಮಲೆನಾಡಿನ ನೂರಾರು ಜೀಪುಗಳಿಗೆ ಹೀಗೆಯೇ ಡೀಸೆಲ್ ಎಂಜಿನ್ ಬಂದಿತ್ತು. ವರ್ಕ್‌ಶಾಪಿನವರು ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದ್ದರು. ಜೀಪು ಎಂಟು ಚೀಲ ಅಡಕೆ ಹೊತ್ತು ಏರು ಹತ್ತುವುದನ್ನು ಊರಿಗೆ ಊರೇ ನೋಡಿ ಮೆಚ್ಚಿತು. ಬ್ರೇಕನ್ನು ಯಾರೂ ಮುಟ್ಟಿರಲಿಲ್ಲ; ಮುಟ್ಟಿರೆಂದು ನಾವೂ ಹೇಳಿರಲಿಲ್ಲ.

ಮಳೆಗಾಲ ಮುಗಿದ ಒಂದು ಮಧ್ಯಾಹ್ನ ಕುಮಟೆಗೆ ಹೊರಟಿದ್ದೆವು. ದೇವಿಮನೆ ಘಾಟಿಯ ಇಳಿಜಾರಿನ ಅರ್ಧದಲ್ಲಿ ಬ್ರೇಕಿನ ಪೆಡಲು ನೆಲಕ್ಕೆ ತಾಗಿತು, ಜೀಪು ನಿಲ್ಲಲಿಲ್ಲ. ಓಡಿಸುತ್ತಿದ್ದ ಚಿಕ್ಕಯ್ಯ ಜೀಪನ್ನು ಕಣಿವೆಯ ಕಡೆಗೆ ಬಿಡದೆ ಗುಡ್ಡದ ಕಡೆಯ ಚರಂಡಿಗೆ ನುಗ್ಗಿಸಿದರು. ಅವರ ಬಲಗಾಲು ಮುರಿಯಿತು. ಇಂದಿಗೂ ಅವರು ಕುಂಟಿಯೇ ನಡೆಯುವುದು. ಹಿಂದೆ ಕುಳಿತಿದ್ದ ನನಗೆ ಗಲ್ಲದ ಮೇಲೆ ಈ ಗಾಯದ ಗುರುತು ಉಳಿಯಿತು.

ಏನಾಗಿತ್ತೆಂಬುದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ನಂತರ. ಒಂದು ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳಬಹುದು. ಜನ, ಸಾಮಾನು ಸೇರಿ 1,000 ಕೆ.ಜಿ. ತೂಗುವ ವಾಹನ 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 49 ಲಕ್ಷ ಜೂಲ್. ಅದು 25 ಡಿಗ್ರಿ ಉಷ್ಣತೆಯ ಸುಮಾರು 15 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಈ ಶಾಖದಲ್ಲಿ ಒಂದು ಪಾಲನ್ನು ಎಂಜಿನ್ನಿನ ತಡೆ ಮತ್ತು ಗಾಳಿಯ ತಡೆ ನುಂಗುತ್ತವೆ; ಉಳಿದುದೆಲ್ಲವೂ ಬ್ರೇಕಿನ ಡ್ರಮ್ಮುಗಳಿಗೆ ಸೇರಬೇಕು. ಭಾರ ಹೆಚ್ಚಿದಷ್ಟೂ ಶಾಖ ಹೆಚ್ಚು. ವೇಗದ ಲೆಕ್ಕ ಇನ್ನೂ ಕಠಿಣ: ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 50 ಕಿ.ಮೀ. ಇದ್ದುದು 70 ಆದರೆ, ನಿಲ್ಲಿಸಲು ಕರಗಿಸಬೇಕಾದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿ.

ಮತ್ತೊಂದು ಸೂಕ್ಷ್ಮವಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಗಾಳಿಯ ದಾರಿ ಮುಚ್ಚುತ್ತದೆ. ಎಂಜಿನ್ ನಿರ್ವಾತವನ್ನು ಎಳೆಯುತ್ತ ವಾಹನವನ್ನು ಹಿಡಿದಿಡುತ್ತದೆ. ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಗಾಳಿಯ ದಾರಿ ಹಾಗೆ ಮುಚ್ಚದ ಕಾರಣ ಈ ತಡೆ ಕಡಿಮೆ. ಅಂದರೆ ನಮ್ಮ ಜೀಪು ಭಾರವಾಗಿತ್ತು, ಎಂಜಿನ್ನಿನ ಹಿಡಿತ ಕಡಿಮೆಯಾಗಿತ್ತು, ಬ್ರೇಕು ಮಾತ್ರ ಹಳೆಯದೇ ಆಗಿತ್ತು.

ಇದರ ಮೇಲೆ ಮಲೆನಾಡಿನ ಮಳೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವ ಗುಣದ್ದು. ಸಾಮಾನ್ಯವಾಗಿ ಬಳಸುವ ‘ಡಾಟ್ 3’ ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಅದೇ ದ್ರವಕ್ಕೆ ನಿಗದಿಯಾದ ಮಟ್ಟ 140 ಡಿಗ್ರಿ ಮಾತ್ರ. ದ್ರವ ಕುದಿದರೆ ನಳಿಗೆಯಲ್ಲಿ ಆವಿಯ ಗುಳ್ಳೆಗಳಾಗುತ್ತವೆ. ಪೆಡಲು ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. ಅಂದು ನಮಗಾದದ್ದು ಇದೇ ಎಂದು ನಾನು ತಿಳಿದಿದ್ದೇನೆ. ತಾವು ಊರಿಗೆ ಹೋದಾಗ ಮನೆಯವರಿಗೆ ಇದೊಂದನ್ನಾದರೂ ಹೇಳಿ: ಎರಡು ವರ್ಷಕ್ಕೊಮ್ಮೆ ಬ್ರೇಕಿನ ದ್ರವವನ್ನು ಪೂರ್ತಿಯಾಗಿ ಬದಲಿಸಬೇಕು, ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಬೇಕು.

ಕಾನೂನು ಏನನ್ನುತ್ತದೆ

ಹುಡುಗ ಜಾಣ. “ಹಾಗಾದರೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಹಾಕೋಣ, ಆಕ್ಸಲ್ಲನ್ನೂ ಬದಲಿಸೋಣ” ಎಂದ. ತಾಂತ್ರಿಕವಾಗಿ ಅದು ಸರಿಯಾದ ಉತ್ತರವೇ. ಆಗ ನಾವು ಕಾನೂನನ್ನು ಓದಿದೆವು.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗಾಗಿ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಎಂದಿದೆ. ಬ್ಯಾಟರಿ, ಸಿ.ಎನ್.ಜಿ. ಮುಂತಾದ ಬೇರೆ ಇಂಧನಕ್ಕೆ ಮಾನ್ಯತೆ ಪಡೆದ ಕಿಟ್ಟಿನ ಮೂಲಕ ಪರಿವರ್ತಿಸಲು ಕಾಯ್ದೆಯಲ್ಲಿ ದಾರಿಯಿದೆ. 848 ಸಿಸಿಯ ಜಾಗದಲ್ಲಿ ಬೇರೊಂದು ಸಂಸ್ಥೆಯ 1,298 ಸಿಸಿಯ ಪೆಟ್ರೋಲ್ ಎಂಜಿನ್ ಕೂರಿಸುವುದು ಈ ದಾರಿಗೆ ಸೇರುವುದಿಲ್ಲ. ಅಪಘಾತವಾದರೆ ವಿಮೆಯ ಪರಿಹಾರಕ್ಕೂ ಅದು ಅಡ್ಡಿಯಾದೀತು. ಆ ಪರಿಹಾರ ನಮಗಷ್ಟೇ ಅಲ್ಲ, ರಸ್ತೆಯಲ್ಲಿ ನಮ್ಮ ಎದುರಿಗೆ ಬರುವ ಅಪರಿಚಿತನಿಗೂ ಸೇರಿದ್ದು.

ಇನ್ನೊಂದು ಅಂಶವೂ ಸಿಕ್ಕಿತು. 2021ರಲ್ಲಿ ಜಾರಿಗೆ ಬಂದ ಪುರಾತನ ವಾಹನಗಳ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿಯುಂಟು. ಆದರೆ ಚಾಸಿ, ಮೈ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗಿರಬಾರದು. ಅಣ್ಣನ ಕಾರಿಗೆ 2035ಕ್ಕೆ 50 ತುಂಬುತ್ತದೆ. ಎಂಜಿನ್ ಬದಲಿಸಿದರೆ ಆ ಬಾಗಿಲು ಮುಚ್ಚುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಈ ಕಾರುಗಳಲ್ಲಿ ಉಳಿದಿರುವವು ಕೆಲವೇ. ಅವುಗಳಲ್ಲೊಂದು ತನ್ನ ಗುರುತನ್ನು ಕಳೆದುಕೊಂಡಂತಾಗುತ್ತದೆ.

ಸಣ್ಣದೋ, ಸೊರಗಿದ್ದೋ?

ಇಷ್ಟಾದರೂ ಹುಡುಗನ ಮೂಲ ದೂರು ಹಾಗೆಯೇ ಉಳಿದಿತ್ತು: ಕಾರು ಏರು ಹತ್ತುವುದಿಲ್ಲ. ಆಗ ನನಗೆ ನಮ್ಮ ತೋಟಗಳ ನೆನಪಾಯಿತು. ಅಡಕೆಯ ಗರಿ ಹಳದಿಯಾಯಿತೆಂದರೆ ನಮ್ಮವರು ತಕ್ಷಣ ಗೊಬ್ಬರದ ಚೀಲ ಬಿಚ್ಚುತ್ತಾರೆ. ಅನೇಕ ಬಾರಿ ನಾನು ಹೋಗಿ ನೋಡಿದರೆ ಬಸಿಗಾಲುವೆ ಹೂತುಹೋಗಿ ಬೇರು ನೀರಿನಲ್ಲಿ ಕೊಳೆಯುತ್ತಿರುತ್ತದೆ. ಉಸಿರಾಡಲಾರದ ಬೇರಿಗೆ ಎಷ್ಟು ಗೊಬ್ಬರ ಹಾಕಿದರೇನು? “ಇದೇ ಎಂಜಿನ್ನಿನಿಂದ ನಿನ್ನಪ್ಪ ಇಪ್ಪತ್ತು ವರ್ಷ ಘಾಟಿ ಹತ್ತಿದ್ದನಲ್ಲ. ಎಂಜಿನ್ ಸಣ್ಣದೋ, ಸೊರಗಿದೆಯೋ? ಮೊದಲು ಅದನ್ನು ನೋಡು” ಎಂದೆ.

ಅವನು ಕಂಪ್ರೆಶನ್ ಗೇಜೊಂದನ್ನು ಎರವಲು ತಂದ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದೇ ಸಿಲಿಂಡರಿನ ಒತ್ತಡವನ್ನು ಅಳೆದ. ಒಂದನೆಯ ಮತ್ತು ಮೂರನೆಯ ಸಿಲಿಂಡರುಗಳಲ್ಲಿ ಚದರ ಅಂಗುಲಕ್ಕೆ ಸುಮಾರು 130 ಪೌಂಡ್. ಎರಡನೆಯ ಮತ್ತು ನಾಲ್ಕನೆಯವುಗಳಲ್ಲಿ 80ರ ಆಸುಪಾಸು. ಬಳಿಕ ಆ ಎರಡರಲ್ಲಿಯೂ ಒಂದೊಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ಅಳೆದ. ಎಣ್ಣೆ ಹಾಕಿದಾಗ ಒತ್ತಡ ಏರಿದರೆ ಪಿಸ್ಟನ್ ರಿಂಗುಗಳು ಸವೆದಿವೆಯೆಂದು ಅರ್ಥ. ಏರದಿದ್ದರೆ ವಾಲ್ವುಗಳಲ್ಲಿ ಸೋರಿಕೆಯಿದೆಯೆಂದು ತಿಳಿಯಬಹುದು. ಒತ್ತಡ ಏರಿತು. ಎಂಜಿನ್ ಸಣ್ಣದಾಗಿರಲಿಲ್ಲ, ನಾಲ್ಕರಲ್ಲಿ ಎರಡು ಸಿಲಿಂಡರುಗಳು ಅರೆಜೀವದಲ್ಲಿದ್ದವು. ಕಾರ್ಬ್ಯುರೇಟರಿನ ತೂತುಗಳಲ್ಲಿ ಹಳೆಯ ಪೆಟ್ರೋಲಿನ ಅಂಟು ಕಟ್ಟಿತ್ತು. ಹಿಂಬದಿಯ ಬಲ ಚಕ್ರದ ಬ್ರೇಕು ಸಿಕ್ಕಿಹಾಕಿಕೊಂಡು ಸದಾ ಉಜ್ಜುತ್ತಿತ್ತು. ಆ ಮೇಲ್ಸೇತುವೆಯ ಮೇಲೆ ಕಾರು ಬ್ರೇಕು ಹಿಡಿದುಕೊಂಡೇ ಏರುತ್ತಿತ್ತು.

ಹುಡುಗ ತುಸು ಹೊತ್ತು ಏನೂ ಮಾತನಾಡಲಿಲ್ಲ. ನಂತರ, “ಜಿಪ್ಸಿ ಎಂಜಿನ್ನಿನವರಿಗೆ ಬೇಡವೆಂದು ಹೇಳಿಬಿಡುತ್ತೇನೆ, ಚಿಕ್ಕಪ್ಪ” ಎಂದ.

ಈಗ ಕೆಲಸ ನಡೆಯುತ್ತಿದೆ. ಮೊದಲಿಗೆ ಬ್ರೇಕು: ಸಿಲಿಂಡರುಗಳು, ರಬ್ಬರ್ ಕೊಳವೆಗಳು, ಲೈನರುಗಳು, ದ್ರವ ಎಲ್ಲವೂ ಹೊಸದು. ಅನಂತರ ಎಂಜಿನ್. ರಿಂಗುಗಳನ್ನು ಹುಡುಕುವುದು ಸುಲಭವಲ್ಲ. ಬ್ರಿಟನ್ನಿನಲ್ಲಿ ರಿಲಯಂಟ್ ಕಾರುಗಳನ್ನು ಉಳಿಸಿಕೊಂಡಿರುವವರ ಸಂಘಗಳಿವೆ, ಅಲ್ಲಿಗೆ ಬರೆದಿದ್ದಾನೆ. ಅಷ್ಟರಲ್ಲಿ ಅಳತೆ ತೆಗೆದು ಇಲ್ಲಿಯೇ ಹೊಂದುವ ರಿಂಗು ಸಿಗುವುದೇ ಎಂದೂ ವಿಚಾರಿಸುತ್ತಿದ್ದಾನೆ. ಎಲ್ಲ ಮುಗಿದ ಮೇಲೂ ಅದು 40 ಅಶ್ವಶಕ್ತಿಯ ಕಾರೇ. ಏರಿನಲ್ಲಿ ಎರಡನೆಯ ಗೇರಿಗೆ ಇಳಿಯಬೇಕಾಗುತ್ತದೆ. ಹಿಂದಿನಿಂದ ಬಂದವರು ಹಾರ್ನ್ ಹೊಡೆಯುತ್ತಾರೆ. ಪಕ್ಕಕ್ಕೆ ಸರಿದು ದಾರಿ ಬಿಟ್ಟರಾಯಿತು.

ಬಂಧುಗಳೇ, ಹೆಚ್ಚಿನ ಬಲವೇ ಬೇಡವೆಂದು ನಾನು ಹೇಳುತ್ತಿಲ್ಲ. ಬೆಟ್ಟದ ಜನರಿಗೆ ಬಲವುಳ್ಳ ವಾಹನ ಬೇಕು. ಆಸ್ಪತ್ರೆ 40 ಕಿ.ಮೀ. ದೂರವಿರುವ ಊರುಗಳವರು ನಾವು. ಬೇಕಾದರೆ ಅಂಥ ಬಲಕ್ಕೆಂದೇ ರೂಪಿಸಿದ ವಾಹನವನ್ನು ಕೊಳ್ಳೋಣ. ಆದರೆ ಇರುವುದಕ್ಕೆ ಬಲ ಸೇರಿಸುವ ಮೊದಲು ಎರಡು ಪ್ರಶ್ನೆಗಳನ್ನು ಕೇಳೋಣ: ಈಗಿರುವುದು ನಿಜಕ್ಕೂ ಸಣ್ಣದೋ, ಅಥವಾ ಸೊರಗಿದೆಯೋ? ಸೇರಿಸುವ ಬಲವನ್ನು ನಿಲ್ಲಿಸಬೇಕಾದ ಅಂಗ ಯಾವುದು, ಅದು ಸಿದ್ಧವಾಗಿದೆಯೇ? ತೋಟಕ್ಕಾದರೂ ಜೀಪಿಗಾದರೂ ಈ ಪ್ರಶ್ನೆಗಳು ಒಂದೇ.

ರಿಂಗುಗಳು ಬಂದರೆ ಮಳೆ ಕಳೆದ ಮೇಲೆ ಕಾರನ್ನು ಊರಿಗೆ ತರುವುದಾಗಿ ಹುಡುಗ ಹೇಳಿದ್ದಾನೆ. ದೇವಿಮನೆ ಘಾಟಿಯನ್ನು ಇಳಿಯುವಾಗ ಚಿಕ್ಕಯ್ಯನೂ ಜೊತೆಗಿರುತ್ತಾರಂತೆ. ಮುಂದಿನ ಸೀಟು ತಮಗೇ ಬೇಕೆಂದು, ಬ್ರೇಕಿನ ಪೆಡಲನ್ನು ಮೊದಲು ತಾವೇ ಒತ್ತಿ ನೋಡುವುದಾಗಿ ಈಗಲೇ ಹೇಳಿ ಕಳುಹಿಸಿದ್ದಾರೆ.